ಘಮ ಬಂತಾ, ಅಕ್ಕ?

ನಗಬೇಡ ಅಕ್ಕ! ಸೊಂಟಕ್ಕೆ ಟವೆಲ್ ಸುತ್ಕೊಂಡು ಗಂಡಸು ಸಿಗಡಿ ಬಿಡಿಸೋದನ್ನ ಈ ಜನ್ಮದಲ್ಲಿ ನೋಡೇ ಇಲ್ವಾ ನೀನು? ಹ್ಞೂಂ, ಎಲ್ಲಿ ನೋಡ್ತೀಯ! ಭಾವನಿಗೆ ನೀರು ಕಾಯಿಸೋಕೂ ಬರಲ್ಲ. ಕೂತ್ಕೋ. ಅಯ್ಯೋ, ಆ ಕುರ್ಚಿ ಬೇಡ, ಒಂದು ಕಾಲು ಲೊಡಲೊಡ ಅನ್ನುತ್ತೆ. ಇಲ್ಲಿ, ಕಟ್ಟೆ ಹತ್ರ ಕೂತ್ಕೋ. ನನ್ನ ನೋಡೋಕೆ ತಾನೇ ಬಂದಿರೋದು? ಪರೀಕ್ಷೆ ಮಾಡೋಕೆ ಅಂದ್ರೂ ಸರೀನೇ. ಬೇಜಾರಿಲ್ಲ ನನಗೆ. ಮಾಡು ಪರೀಕ್ಷೆ.

ನೋಡು, ಬೆನ್ನ ಮೇಲೆ ಹೀಗೆ ಒಂದು ಗೀರು ಹಾಕಿ ಈ ಕರಿ ನರ ಎಳೀಬೇಕು... ಬಂತು. ನನ್ನ ಮಗಳಿದಾಳಲ್ಲ ಇಲಿಮರಿ, ಇದನ್ನ ನೋಡಿದ್ರೆ ಕಿಟಾರನೆ ಕಿರುಚಿ ಓಡ್ತಾಳೆ, ಬೆಂದ ಮೇಲೆ ಮಾತ್ರ ತಟ್ಟೆ ನೆಕ್ಕಿ ಇಡ್ತಾಳೆ. ಬಂದವಳೇ ಸೀದಾ ಮಂಚದ ಕೆಳಗೆ ತೂರಿದಳು, ನೋಡಿದ್ಯಾ? ತನ್ನ ಬಣ್ಣದ ಪೆನ್ಸಿಲ್ ಡಬ್ಬಿ ಇದೆಯಾ ಅಂತ. ಇತ್ತು! ಏನನ್ನೂ ಕದಲಿಸಿಲ್ಲ ನಾನು. ಹಾಸಿಗೆಗೆ ಹೊಸ ಚಾದರ ಹಾಕಿದೀನಿ, ಅಷ್ಟೇ... ಇಲ್ಲಪ್ಪ, ನಿನಗೆ ತೋರಿಸೋಕಲ್ಲ! ಹಳೇದು ಹರಿದಿತ್ತು.

ಸ್ಸ್! ಏನಿಲ್ಲ ಏನಿಲ್ಲ, ಚಾಕು ತಾಗ್ತು. ಬೆರಳ ತುದಿ. ರಕ್ತಾನೂ ಬಂದಿಲ್ಲ. ನೀನು ಏಳಬೇಡ!

ನನಗೆ ಒಂದೊಂದ್ಸಲ ನಗು ಬರುತ್ತೆ ಅಕ್ಕ. ಏಣಿಯಿಂದ ಬಿದ್ದ ಪೇಂಟರ್‌ಗೆ ಏನು ಮುರೀಬೇಕು? ಕೈ ಮುರೀಬೇಕು, ಕಾಲು ಮುರೀಬೇಕು. ನನಗೆ ಎಲ್ಲಾ ನೆಟ್ಟಗಿದೆ, ಹೋಗಿದ್ದು ಮಾತ್ರ ವಾಸನೆ! ತಲೆ ಹಿಂದೆ ಪೆಟ್ಟು, ಮೂಗಿಗೆ ಶಿಕ್ಷೆ. ಎಲ್ಲೀ ಲೆಕ್ಕಾನೋ! ಆ ಡಾಕ್ಟ್ರು ಬೇರೆ, ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂತ ಅಡ್ಡಗೋಡೆ ಮೇಲೆ ದೀಪ ಇಟ್ರು. ಬಂತಲ್ಲ ಈಗ! ಫೋನಲ್ಲಿ ಹೇಳಿದಾಗ ನೀನು ಹ್ಞಾಂ ಹ್ಞೂಂ ಅನ್ನಲಿಲ್ಲ. ಒಂದು ಸಂತೋಷ ಬೇಡ್ವಾ? ಒಡಹುಟ್ಟಿದ ತಮ್ಮನಿಗೆ ಮೂಗು ವಾಪಸ್ ಬಂದಿದೆ...

ಇಲ್ಲ, ಅವತ್ತು ನೀನು ಮಾಡಿದ್ದು ತಪ್ಪು ಅನ್ನಲ್ಲ. ಒಲೆ ಮೇಲಿನ ಪಾತ್ರೆ ಸೀದು ಕರಕಲಾಗಿದೆ, ಮೆಟ್ಟಿಲ ಕೆಳಗಿನವರೆಗೂ ವಾಸನೆ ಹೋಗಿದೆ, ನಿನ್ನ ತಮ್ಮ ಒಲೆಗೆ ಬೆನ್ನು ಹಾಕಿ ಮಗಳ ಶೂ ಪಾಲಿಶ್ ಮಾಡ್ತಾ ಕೂತಿದಾನೆ. ನಾನಾಗಿದ್ರೂ ಮಗುನ ಎತ್ಕೊಂಡು ಹೋಗ್ತಿದ್ದೆ. ‘ಮೊದಲು ಮೂಗು ಬರಲಿ, ಆಮೇಲೆ ಮಗಳು’ ಅಂದೆ ನೀನು. ನಾನು ಎದುರು ಮಾತಾಡಿದ್ನಾ? ಇಲ್ಲ. ಈಗ ಬಂದಿದೆ. ಅಷ್ಟೇ ಮಾತು. ಊಟ ಮಾಡು, ಒಬ್ಬಳೇ ಬಸ್ ಹತ್ತು, ಅವಳ ಬಟ್ಟೆಬರೆ ಭಾನುವಾರ ನಾನೇ ಬಂದು ತಗೊಂಡು ಹೋಗ್ತೀನಿ.

ಆಹಾ! ಕಿತ್ತಳೆ ಘಮ ನೋಡು, ಇಡೀ ಅಡುಗೆಮನೆ... ಏನು? ಯಾಕೆ ಹಾಗೆ ನೋಡ್ತೀಯ? ಓ. ಇನ್ನೂ ಹೆಚ್ಚೇ ಇಲ್ವಾ ಅದನ್ನ. ಹೌದಲ್ಲ... ಅಲ್ಲ ಅಕ್ಕ, ಸಿಪ್ಪೆಗೆ ಘಮ ಇರಲ್ವಾ? ಉಗುರು ತಾಗಿದ್ರೆ ಸಾಕು! ನೀನು ಬಿಡು, ಮೊಸರಲ್ಲೂ ಕಲ್ಲು ಹುಡುಕೋಳು.

ಕಣ್ಣು ಮುಚ್ಚಬೇಕಾ? ನಿಜವಾಗ್ಲೂ? ಥೂ ನಿನ್ನ! ಚಿಕ್ಕವರಿದ್ದಾಗಿಂದ ಇದೇ ನಿನ್ನ ಬುದ್ಧಿ, ಉಗುಳು ನುಂಗಿದ್ರೂ ಸಾಕ್ಷಿ ಕೇಳ್ತಿದ್ದೆ. ಸರಿ, ಮುಚ್ಚಿದೆ. ಅಲ್ಲಿಂದ್ಲೇ ಹಿಡಿದ್ರೆ ಹೇಗೆ, ಕೈಗೆ ಕೊಡು... ಕೊಡು ಅಕ್ಕ, ನನ್ನ ಮೂಗಿನ ಹತ್ರ ನಾನೇ ಹಿಡ್ಕೋತೀನಿ... ಸ್... ಹ್ಮ್. ನಿಂಬೆ! ನಿಂಬೆಹಣ್ಣಿನ ಹೋಳು! ಹೇಗೆ? ಹೇಗೆ? ಹಾ, ನಕ್ಕೆ! ನಕ್ಕೆ ನೀನು, ನೋಡಿದೆ ನಾನು! ಅಬ್ಬಾ... ತಡಿ, ಸೆರಗಲ್ಲಿ ಕಣ್ಣು ಒರೆಸ್ಕೊಳ್ತಿದೀಯಾ? ಅಳೋಕೆ ಏನಾಯ್ತೀಗ? ಅಯ್ಯೋ ಹುಚ್ಚಿ.

ಇರು, ಬೆಣ್ಣೆ ಕರಗಲಿ. ಚಟಪಟ ಅನ್ನೋದು ನಿಂತ ಮೇಲೆ ಬೆಳ್ಳುಳ್ಳಿ. ಇದನ್ನ ಕಂದು ಬಣ್ಣಕ್ಕೆ ಬಿಡಬಾರದು, ಕಹಿ ಆಗುತ್ತೆ. ಹಳೇ ಗೋಡೆ ಹಳದಿ ಇರುತ್ತಲ್ಲ, ಅಷ್ಟೇ. ಈಗ ನಿಂಬೆ ರಸ, ಕಿತ್ತಳೆ ರಸ, ಉಪ್ಪು, ಮೆಣಸಿನ ಪುಡಿ. ಇನ್ನೇನೂ ಬೇಡ. ಇಲಿಮರಿ ಅಮ್ಮ ಇದ್ದಾಗ ಇದಕ್ಕಿಂತ ಒಂದು ಸಾಮಾನು ಜಾಸ್ತಿ ಹಾಕೋಕೆ ಬಿಡ್ತಿರಲಿಲ್ಲ... ಈ ಬೆಣ್ಣೆ ರಸದಲ್ಲಿ ಅರ್ಧ, ಸಿಗಡಿ ಮೇಲೆ ಸುರಿದು ಓವನ್‌ಗೆ. ಉಳಿದರ್ಧ ಈ ಸಣ್ಣ ಒಲೆ ಮೇಲೆ ಗಟ್ಟಿಯಾಗಲಿ, ಬಡಿಸೋವಾಗ ಮೇಲೆ ಹಾಕೋಕೆ. ಇದು ಇಲಿಮರಿ ಕೇಳಿದ್ದು. ಅವತ್ತು ನಿನ್ನ ಫೋನ್ ಕದ್ದು ಮಾಡಿದ್ಲಲ್ಲ, ‘ಅಪ್ಪಾ, ಅಮ್ಮ ಮಾಡ್ತಿದ್ದ ಸಿಗಡಿ ನಿನಗೆ ಬರುತ್ತಾ’ ಅಂತ. ಆಮೇಲೆ ನಾಲ್ಕು ಸಲ ಮಾಡಿ ಎಸೆದಿದೀನಿ. ಒಂದು ಸಲ ರಬ್ಬರು, ಇನ್ನೊಂದು ಸಲ ಹಸಿ. ಈಗ ಕೈ ಕೂತಿದೆ.

ಟಿಣ್ ಅಂತು! ಬಾ, ಬಂದು ನೋಡು. ಬೂದು ಹೋಗಿ ಎಂಥಾ ಕೆಂಪು! ಅರ್ಧ ಬಾಗಿದ್ರೆ ಬೆಂದಿದೆ ಅಂತ, ಸುರುಳಿ ಸುತ್ಕೊಂಡ್ರೆ ಕೆಟ್ಟಿತು ಅಂತ. ಪೇಂಟರ್ ಕಣ್ಣು ಅಕ್ಕ, ಬಣ್ಣ ನೋಡಿದ್ರೇ ಗೊತ್ತಾಗುತ್ತೆ... ಹಾಂ, ವಾಸನೇಲೂ. ವಾಸನೇಲೂ ಗೊತ್ತಾಗುತ್ತೆ.

ಹೋಗು, ಅವಳಿಗೆ ಕೈ ತೊಳೆಸಿ ಕರ್ಕೊಂಡು ಬಾ. ಕಿಟಕಿ ಹಾಕಿರ್ಲಿ, ಕೆಳಗೆ ರಸ್ತೆ ಅಗೀತಿದಾರೆ, ಧೂಳು. ನಾನು ಆಚೆ ತಟ್ಟೆ ಇಡ್ತೀನಿ.

ಕೇಳಿಸ್ತಿದ್ಯಾ ಅಕ್ಕ, ಅಲ್ಲಿಗೆ? ಮತ್ತೆ ಹಳೇ ಶಾಲೆಗೇ ಸೇರಿಸ್ತೀನಿ! ಟೀಚರ್ ಹತ್ರ ಮಾತಾಡಿದೀನಿ! ಎತ್ತರದ ಕೆಲಸ ಬಿಟ್ಟಿದೀನಿ, ಈಗ ಬರೀ ಬಾಗಿಲು, ಕಿಟಕಿ, ಮಧ್ಯಾಹ್ನ ಅವಳು ಬರೋ ಹೊತ್ತಿಗೆ ನಾನೂ ಬಂದಿರ್ತೀನಿ! ...ಇನ್ನೂ ಬಚ್ಚಲಲ್ಲೇ ಇದ್ದೀರಾ? ಸೋಪಿನ ಗುಳ್ಳೆ ಊದ್ತಿದಾಳಾ? ಊದಲಿ ಬಿಡು, ಊದಲಿ! ಈ ಮನೇಲಿ ಸದ್ದೇ ಇರಲಿಲ್ಲ ಅಕ್ಕ. ಅಲಾರಂ ಹೊಡ್ಕೊಂಡ್ರೂ ಯಾರೋ ಮಾತಾಡ್ಸಿದಂಗೆ ಆಗೋದು ನನಗೆ... ಮೂರು ತಟ್ಟೆ ಇಟ್ಟೆ ನೋಡು. ಎಷ್ಟು ಚಂದ ಕಾಣುತ್ತೆ, ಮೂರು ತಟ್ಟೆ.

ಆ ಸಣ್ಣ ಒಲೆ ಮೇಲಿನ ರಸ... ಅದು ಏನಾಯ್ತೋ. ತಡಿ, ಒಳಗೆ ನೋಡ್ತೀನಿ. ಸದ್ಯ, ಉರಿ ಆರಿಸೇ ಹೋಗಿದೀನಿ. ಅಂಚಲ್ಲಿ ಒಂಚೂರು ಉಕ್ಕಿದೆ ಅಷ್ಟೇ. ಬೆಣ್ಣೆ ಕಟ್ಕೊಂಡ್‌ಬಿಟ್ಟಿದೆ, ಮತ್ತೆ ಒಂದು ಬಿಸಿ ಮಾಡಿದ್ರಾಯ್ತು. ಲೈಟರ್ ಎಲ್ಲಿ... ಹಾ.

ಬಂದ್ರಾ! ಬಾ ಬಾ ಇಲಿಮರಿ! ಯಾಕಕ್ಕ ಬಾಗಿಲಲ್ಲೇ ನಿಂತೆ? ಘಮ ಬಂತಾ? ಬಂದೇ ಇರಬೇಕು, ನನಗೇ ಬಾಯಲ್ಲಿ ನೀರು ಬರೋ ಹಾಗೆ... ಒಂದೇ ನಿಮಿಷ, ಇದನ್ನ ಹಚ್ಚಿ... ಏಯ್! ಏಯ್, ಕೈ ಬಿಡು! ಲೈಟರ್ ಯಾಕೆ ಕಿತ್ಕೋತೀಯ? ನೋಯುತ್ತೆ ಅಕ್ಕ! ಏನಾಯ್ತು?

ಇಲಿಮರೀ, ನೀನ್ಯಾಕಮ್ಮ ಮೂಗು ಮುಚ್ಕೊಂಡೆ?

ಅಕ್ಕ... ಸಿಗಡಿ ಕೆಟ್ಟಿದೆಯಾ? ಬೆಳಿಗ್ಗೆ ದೋಣಿಯಿಂದ ಇಳಿಸಿದ್ದು ಅಂದ್ನಲ್ಲ ಅವನು... ಸೀದಿದೆಯಾ ಏನಾದ್ರೂ? ಕಿಟಕಿ ಯಾಕೆ ತೆಗೀತೀಯ, ಧೂಳು... ಏನಾದ್ರೂ ಹೇಳು. ಏನು ವಾಸನೆ? ಒಂದು ಮಾತು ಹೇಳಕ್ಕ, ಏನು ವಾಸನೆ ಅಂತ! ಸಿಲಿಂಡರ್ ಹತ್ರ ಯಾಕೆ ಬಗ್ಗಿದೆ...

...

ನಾಬ್ ತಿರುಗಿಸಿದ್ದೆ. ತಿರುಗಿಸಿದ್ದೆ ಅಂತ ನಾನು... ಇಲ್ಲ. ಹಾಗೇ ಇದೆ. ಉಕ್ಕಿ ಉರಿ ಆರಿದೆ, ಗ್ಯಾಸ್ ಹಾಗೇ...

ನಾನು ಹಚ್ಚೋನಿದ್ದೆ. ಅವಳು ಬಾಗಿಲಲ್ಲಿ ನಿಂತಿದ್ಲು, ನಾನು ಹಚ್ಚೋನಿದ್ದೆ ಅಕ್ಕ.

ಹಾಗೆ ನೋಡಬೇಡ. ಬೈಯಿ. ಎರಡು ಕೊಡು ಕೆನ್ನೆಗೆ. ಇಲ್ಲ... ವಾಸನೆ ಒಂದು ಸಲವೂ ಬಂದಿಲ್ಲ. ಬಿದ್ದ ದಿನದಿಂದ ಏನೂ ಇಲ್ಲ. ನಿಂಬೆ ಅಂದಿದ್ದು ಬೆರಳಿನ ಗಾಯ ಉರಿದಿದ್ದಕ್ಕೆ. ಇವತ್ತು ಅವಳನ್ನ ಎತ್ಕೊಂಡಾಗ ತಲೆ ಮೂಸಿದೆ, ಕೂದಲಲ್ಲಿ ಮುಖ ಇಟ್ಟು ಉಸಿರು ಎಳೆದೆ... ಇದಾದ್ರೂ ಬರುತ್ತೇನೋ ಅಂತ. ಗೋಡೆ ಮೂಸಿದಂಗಿತ್ತು ಅಕ್ಕ. ನನ್ನ ಮಗಳು, ಗೋಡೆ ಮೂಸಿದಂಗೆ.

ಫ್ಯಾನ್ ಹಾಕಬೇಡ! ಸ್ವಿಚ್ ಮುಟ್ಟಬೇಡಿ ಯಾರೂ. ಇಲಿಮರಿ, ನನ್ನ ಹತ್ರ ಬರಬೇಡ. ಅತ್ತೆ ಕೈ ಹಿಡ್ಕೋ. ಇಲ್ಲ ಕಂದ, ನಿನ್ನ ಮೇಲೆ ಕೋಪ ಇಲ್ಲ, ಅಪ್ಪ ಸುಮ್ಮನೆ ಜೋರಾಗಿ ಮಾತಾಡಿದೆ. ಸಿಗಡಿ ಇನ್ನೊಂದ್ಸಲ. ಚಪ್ಪಲಿ ಕೈಲಿ ಹಿಡ್ಕೊಂಡು ಇಳೀರಿ, ಹೋಗಿ. ಪೆನ್ಸಿಲ್ ಡಬ್ಬಿ? ಹಾ, ತಗೊಂಡು ಹೋಗು. ತಗೊಂಡೇ ಹೋಗು.

ಅಕ್ಕ... ಒಂದು ನಿಮಿಷ. ನಿನ್ನ ಮನೆಗೇ ಕರ್ಕೊಂಡು ಹೋಗು. ಅವಳು ಎಷ್ಟು ಅತ್ರೂ ಕಳಿಸಬೇಡ. ನಾನು ಮತ್ತೆ ಫೋನ್ ಮಾಡ್ತೀನಿ, ವಾಸನೆ ಬರ್ತಿದೆ ಅಂತೀನಿ, ಆಣೆ ಇಟ್ಟು ಹೇಳ್ತೀನಿ. ನನಗೆ ಗೊತ್ತು ನನ್ನ ಬುದ್ಧಿ, ಹೇಳೇ ಹೇಳ್ತೀನಿ. ನಂಬಬೇಡ ಅಕ್ಕ.