ಸೀರೆ ಅಂಗಡಿಯ ಚೀಲ

ಕಾಪುವಿನಲ್ಲಿ ಯಾರಾದರೂ ಸೀನಿದರೆ ಉಚ್ಚಿಲದವರೆಗೆ ಸುದ್ದಿ ಮುಟ್ಟಿಸುವ ಮುದ್ದಣ್ಣ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ. ಬಸ್ಸಿಗೆ ಕಾಯುವವರ ಫೋಟೋ ತೆಗೆಯುತ್ತಿದ್ದ ಹುಡುಗಿಯನ್ನು ಪಕ್ಕದಲ್ಲಿದ್ದ ಪ್ರಫುಲ್ಲಕ್ಕ ಕರೆದರು. ಮುದ್ದಣ್ಣನ ಕಿವಿ ಮೊರದಷ್ಟಾಯಿತು.

“ನನ್ನ ಫೋಟೋ ಡಿಲೀಟ್ ಮಾಡು ಮಾರಾಯ್ತಿ.”

“ಚೆಂದ ಬಂದಿದೆ ಅಕ್ಕ. ಇನ್‌ಸ್ಟಾಗ್ರಾಮಿಗೆ ಹಾಕ್ತೇನೆ.”

“ಸೀರೆ ಚೀಲದಿಂದ ಸ್ಕ್ಯಾನಿಂಗ್ ಫೈಲ್ ಇಣುಕುವುದು ಕಾಣ್ತದಲ್ವಾ? ಮನೆಯಲ್ಲಿ ಸೀರೆ ತೆಗೆಯಲಿಕ್ಕೆ ಅಂತ ಹೇಳಿ ಬಂದದ್ದು.”

“ಮನೆಯವರು ಇನ್‌ಸ್ಟಾಗ್ರಾಮ್ ನೋಡ್ತಾರಾ?”

“ಅತ್ತೆ ನೋಡುವುದಿಲ್ಲ. ಊರು ನೋಡಿ ಅವರಿಗೆ ಹೇಳ್ತದೆ.”

“ಆಯ್ತು, ತೆಗೆದೆ. ಡಾಕ್ಟ್ರು ಎಂತ ಹೇಳಿದ್ರು?”

“ಕುತ್ತಿಗೆಯಲ್ಲಿ ಗಂಟು ಉಂಟು. ಎಂತದ್ದು ಅಂತ ಇವತ್ತು ಹೇಳುವುದು.”

ಮಣಿಪಾಲದ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಪ್ರಫುಲ್ಲಕ್ಕ ತಿರುಗಿ ನೋಡಿದರು.

“ಮುದ್ದಣ್ಣ, ನೀವು ಎಂತ ಕೇಳಿದಿರಿ?”

“ಸೀರೆ ತೆಗೆಯಲಿಕ್ಕೆ ಹೋಗುವುದು ಅಂತ ಕೇಳಿದೆ. ಒಳ್ಳೆಯದೇ ಸಿಗ್ತದೆ ಅಕ್ಕ.”