ಉಗ್ರಾಣದೊಳಗಿಂದ ‘ಇದ್ದೀನಿ’ ಅಂದವನು

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ ಮಲಗಿ. ಪೂರ್ತಿ ಕೇಳಿಸಿಕೊಂಡು ಆಮೇಲೆ ‘ಗಾಳಿ ಇರಬೇಕು, ಇಲಿ ಇರಬೇಕು’ ಅಂತ ಶುರು ಮಾಡಿದರೆ ನಾನು ಸುಮ್ಮನಿರುವವನಲ್ಲ. ನಾನು ಹಳ್ಳಿಯಲ್ಲಿ ಬೆಳೆದವನು. ಅಮಾವಾಸ್ಯೆ ಕತ್ತಲಲ್ಲಿ ಒಬ್ಬನೇ ಹೊಲ ಕಾದವನು. ಗಾಳಿ ಯಾವುದು, ಇಲಿ ಯಾವುದು ಅಂತ ನನಗೆ ಪೇಟೆಯವರು ಹೇಳಿಕೊಡಬೇಕಾಗಿಲ್ಲ.

ನಾನಾಗ ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಕಾವಲಿಗಿದ್ದೆ. ಜನ ಟಿಕೆಟ್ ತಗೊಂಡು ನೋಡುವುದು ಮೇಲಿನ ಮಹಡಿಗಳನ್ನು. ನಿಜವಾದ ಸಾಮಾನೆಲ್ಲ ನೆಲದ ಕೆಳಗಿನ ಉಗ್ರಾಣದಲ್ಲಿದೆ. ಸಾಲು ಸಾಲು ಕಬ್ಬಿಣದ ಬೀರು, ಒಳಗೆ ಹಕ್ಕಿ ತೊಗಲು, ಮೊಟ್ಟೆ, ಕೊಂಬು, ಮೂಳೆ. ಅದರ ಬಾಗಿಲು ನನ್ನದು.

ಆ ಬಾಗಿಲಿಗೆ ಒಂದು ಪದ್ಧತಿ ಇದೆ. ದೀಪದ ಸ್ವಿಚ್ಚು ಹೊರಗಿರುವುದರಿಂದ, ಆರಿಸುವ ಮೊದಲು ಹೊಸ್ತಿಲಲ್ಲಿ ನಿಂತು ಕೂಗಬೇಕು: “ಒಳಗೆ ಯಾರಿದ್ದೀರಿ?” ಇದ್ದವರು “ಇದ್ದೀನಿ” ಅನ್ನಬೇಕು. ಅಂದರೋ, ಅವರು ಹೊರಗೆ ಬರುವ ತನಕ ಬೀಗ ಹಾಕುವ ಹಾಗಿಲ್ಲ. ಒಳಗಿರುವುದು ನಿರ್ದೇಶಕರಾದರೂ ಅಷ್ಟೇ, ಕಸ ಗುಡಿಸುವಾಕೆಯಾದರೂ ಅಷ್ಟೇ.

ತೊಗಲಿಗೆ, ಗರಿಗೆ ಹುಳ ಬೀಳುತ್ತದೆ. ಅದಕ್ಕೆ ವರ್ಷಕ್ಕೊಂದು ರಾತ್ರಿ ಉಗ್ರಾಣಕ್ಕೆ ಬೀಗ ಜಡಿದು, ಸಂದುಗೊಂದಿಗೆಲ್ಲ ಪಟ್ಟಿ ಅಂಟಿಸಿ, ಹೊರಗಿನ ಸಿಲಿಂಡರಿನಿಂದ ಕೊಳವೆಯಲ್ಲಿ ವಿಷದ ಗ್ಯಾಸು ಬಿಡುತ್ತಾರೆ. ಬಿಡುವವನು ನನ್ನ ದೊಡ್ಡಪ್ಪನ ಮಗ, ಅಣ್ಣ. ನನಗೆ ಈ ಕೆಲಸ ಕೊಡಿಸಿದವನೂ ಅವನೇ. ಮುಂದೆ ನಿಂತು ಮಾಡಿಸುವವರು ಉಗ್ರಾಣದ ಸಾಹೇಬರು. ಹತ್ತಿರ ಬಂದರೆ ಬಟ್ಟೆಪೆಟ್ಟಿಗೆ ತೆರೆದ ವಾಸನೆ. ನಾವೆಲ್ಲ ಹಿಂದಿನಿಂದ ‘ನುಸಿಗುಳಿಗೆ’ ಅನ್ನುತ್ತಿದ್ದೆವು.

ನಾನು ಸೇರಿದ ಮೇಲೆ ಮೊದಲ ಗ್ಯಾಸಿನ ರಾತ್ರಿ ಅದು. ಅಣ್ಣ ಒಳಗೆ ಕೊಳವೆ ಜೋಡಿಸಿ ಬಂದ. ಇರುವವರು ನಾವು ಮೂರೇ ಜನ, ಮೂವರೂ ಹೊರಗೆ. ನಾನು ಹೊಸ್ತಿಲಲ್ಲಿ ನಿಂತು ಕೂಗಿದೆ.

“ಒಳಗೆ ಯಾರಿದ್ದೀರಿ?”

ಹಿಂದಿನ ಸಾಲಿನ ಕೊನೆಯಿಂದ ಬಂತು…

“ಇದ್ದೀನಿ.”

ಗಂಡಸಿನ ದನಿ. ಕೆಲಸದ ಮಧ್ಯೆ ತಲೆ ಎತ್ತದೆ ಹೇಳಿದ ಹಾಗೆ. ಜೊತೆಗೆ ಒಂದು ಸದ್ದು. ಟಿಣ್… ಟಿಣ್… ಕೊಳವೆಗೆ ಸ್ಪ್ಯಾನರ್ ತಗಲುವ ಸದ್ದು.

ದೀಪ ಉರಿಯುತ್ತಲೇ ಇತ್ತು. ನಾನು ಒಳಗೆ ನುಗ್ಗಿ ಕೊನೆಯ ಸಾಲಿನವರೆಗೆ ಹೋಗಿ ನೋಡಿ ಬಂದೆ. ನರಪಿಳ್ಳೆ ಇಲ್ಲ. ಬಂದು ಮತ್ತೆ ಕೂಗಿದೆ.

“ಇದ್ದೀನಿ.”

“ಹಾಕು ಬೀಗ,” ಅಂದರು ನುಸಿಗುಳಿಗೆ, ಗಡಿಯಾರ ನೋಡಿಕೊಂಡು.

“ಒಳಗೆ ಜನ ಇದೆ ಸರ್.”

“ಜನ ಅಲ್ಲಪ್ಪ ಅದು. ಪ್ರತಿ ವರ್ಷ ಹೀಗೇ ಅನ್ನುತ್ತೆ. ಪ್ರತಿ ವರ್ಷ ಬೀಗ ಹಾಕ್ತೀವಿ. ಏನೂ ಆಗಲ್ಲ.”

ನಾನು ಅಣ್ಣನ ಮುಖ ನೋಡಿದೆ. ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ.

“ನನಗಿಂತ ಮುಂಚೆ ಒಬ್ಬ ಗ್ಯಾಸಿನವನಿದ್ದ ಕಣೋ. ರಬ್ಬರ್ ಬೂಟು, ಕೈಗವಸು ಹಾಕ್ಕೊಂಡು ಒಳಗೆ ಕೊಳವೆ ಬಿಗಿ ಮಾಡ್ತಾ ಇದ್ದ. ಹೊರಗಿನವರು ನೋಡದೆ ಬೀಗ ಹಾಕಿ, ಗ್ಯಾಸು ಬಿಟ್ಟರು. ಆಮೇಲೇ ಈ ಕೂಗೋ ಪದ್ಧತಿ ಬಂದಿದ್ದು.”

“ಅಂದರೆ ಅವನಿಗೋಸ್ಕರ ಮಾಡಿದ ಪದ್ಧತಿ. ಅವನು ಓಗೊಟ್ಟರೆ ಮಾತ್ರ ನಿಮಗೆ ಕಿವಿ ಕೇಳಲ್ಲ?”

“ಮೆಲ್ಲಗೆ ಮಾತಾಡೋ…”

“ಪ್ರತಿ ವರ್ಷ ಅವನ ಮೇಲೆ ಗ್ಯಾಸು ಬಿಡ್ತೀಯಲ್ಲ ಅಣ್ಣ, ಮನೆಗೆ ಹೋಗಿ ಊಟ ಹೇಗೆ ಸೇರುತ್ತೆ ನಿನಗೆ?”

ಅಣ್ಣ ನನ್ನ ತೋಳು ಬಿಟ್ಟ. ನಾನು ಬೀಗದ ಕೈಯನ್ನು ಅಂಗಿಯೊಳಗೆ ಇಳಿಬಿಟ್ಟು ಹೊಸ್ತಿಲ ಮೇಲೆ ಕಾಲು ಚಾಚಿ ಕೂತೆ.

“ಏಳಯ್ಯ,” ಅಂದರು ಸಾಹೇಬರು. “ತಮಾಷೆ ಸಾಕು. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ.”

“‘ಇದ್ದೀನಿ’ ಅಂದರೆ ಬೀಗ ಹಾಕಬಾರದು ಅಂತ ಕಲಿಸಿದವರು ನೀವೇ ಸರ್. ಬದುಕಿರೋರು ಅಂದರೆ ಮಾತ್ರ ಅಂತ ಹೇಳಿರಲಿಲ್ಲ.”

“ಬೀಗ ಹಾಕದಿದ್ದರೆ ನಾಳೆಯಿಂದ ಬರಬೇಡ.”

“ನಾಳೆದು ನಾಳೆ ನೋಡಿಕೊಳ್ಳೋಣ. ನನ್ನ ಕೈಲಿ ಬೀಗ ಹಾಕಿಸಬೇಕಾದರೆ ಮೊದಲು ಅವನು ಹೊರಗೆ ಬರಬೇಕು.”

ಹೆದರಿಕೆ ಆಗಲಿಲ್ಲವಾ ಅಂತ ಕೇಳ್ತೀರಿ. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಆದರೂ ಕೂತೇ ಇದ್ದೆ. ಅದು ಮುಖ್ಯ.

ಒಳಕ್ಕೆ ತಿರುಗಿ ಮೆತ್ತಗೆ ಹೇಳಿದೆ. “ಬಾರಪ್ಪ. ನಿಧಾನಕ್ಕೆ ಬಾ. ನಾನು ಬಾಗಿಲಲ್ಲೇ ಕೂತಿದ್ದೀನಿ. ಯಾರು ಬೀಗ ಹಾಕ್ತಾರೋ ನೋಡೇಬಿಡ್ತೀನಿ.”

ಟಿಣ್… ಟಿಣ್…

ನಿಂತಿತು.

ಸ್ಪ್ಯಾನರನ್ನು ನೆಲದ ಮೇಲೆ ಇಟ್ಟ ಸದ್ದು. ಆಮೇಲೆ ರಬ್ಬರ್ ಬೂಟು. ಪಚಕ್… ಪಚಕ್… ಕೊನೆಯ ಸಾಲಿನಿಂದ, ಮೂಳೆಗಳ ಸಾಲು ದಾಟಿ, ಹಕ್ಕಿಗಳ ಸಾಲು ದಾಟಿ… ಬೆಳಕಿನಲ್ಲೇ ಬಂತು. ಕಾಣಿಸಿದ್ದು ಏನೂ ಇಲ್ಲ. ಹತ್ತಿರವಾದ ಹಾಗೆ ಬೀರುಗಳ ಬಾಗಿಲು ಒಂದೊಂದಾಗಿ ಸಣ್ಣಗೆ ಅದುರಿದವು. ನಾನು ಕಾಲು ಮಡಚಿ ದಾರಿ ಬಿಟ್ಟೆ. ನನ್ನ ಪಕ್ಕದಲ್ಲಿ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು. ನೀರಿನಿಂದ ಮೇಲೆದ್ದವರು ಎಳೆದುಕೊಳ್ಳುತ್ತಾರಲ್ಲ, ಹಾಗೆ.

ಜನ ಅಲ್ಲ, ಏನೂ ಆಗಲ್ಲ ಅಂದಿದ್ದ ಸಾಹೇಬರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ದಾರಿ ಬಿಟ್ಟವರ ಹಾಗೆ.

ಬೂಟಿನ ಸದ್ದು ಮೆಟ್ಟಿಲು ಹತ್ತಿ ಹೋಯಿತು.

ನಾನು ಎದ್ದು ಕೂಗಿದೆ. “ಒಳಗೆ ಯಾರಿದ್ದೀರಿ?”

ಉತ್ತರ ಇಲ್ಲ. ಇನ್ನೊಮ್ಮೆ ಕೂಗಿದೆ. ಇಲ್ಲ. ದೀಪ ಆರಿಸಿ, ಬೀಗ ಹಾಕಿ, ಕೀಲಿಯನ್ನು ಸಾಹೇಬರ ಕೈಗೆ ಕೊಟ್ಟೆ.

“ಈಗ ಬಿಡಿಸಿ ಸರ್ ನಿಮ್ಮ ಗ್ಯಾಸು.”

“ನಾಳೆಯಿಂದ ಬರಬೇಡ,” ಅಂದರು. ದನಿ ಮಾತ್ರ ಸರಿಯಾಗಿ ಏಳಲಿಲ್ಲ.

“ಕರೆದರೂ ಬರಲ್ಲ,” ಅಂದೆ.

ಅಣ್ಣ ಗ್ಯಾಸಿನ ತಿರುಪಿಗೆ ಕೈ ಹಾಕಿದವನು ನನ್ನನ್ನೇ ನೋಡುತ್ತಿದ್ದ. ಕೆಲಸ ಕಳಕೊಂಡ ತಮ್ಮನನ್ನು ಬೈಯಬೇಕಿತ್ತು. ಬೈಯಲಿಲ್ಲ.

ಮನೆಗೆ ನಡೆದುಕೊಂಡೇ ಹೊರಟೆ. ದಾರಿಯಲ್ಲಿ ಒಂದು ಹಳೇ ಬಾವಿ. ಅದನ್ನು ದಾಟುವಾಗ ಹಿಂದೆ… ಪಚಕ್… ಪಚಕ್… ನಾನು ನಿಂತೆ. ಅದೂ ನಿಂತಿತು. ಓಡಲಿಲ್ಲ, ತಿರುಗಿಯೂ ನೋಡಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ, “ಏನಪ್ಪ, ಏನಾದರೂ ಬೇಕಿತ್ತಾ?” ಅಂದೆ.

ಬೇಕಿರಲಿಲ್ಲ. ಅಂಗೈ ಮೇಲೆ ಏನನ್ನೋ ಇಟ್ಟು, ನನ್ನ ಬೆರಳು ಮಡಚಿಸಿ ಹೋಯಿತು.

ಇದು ನಡೆದದ್ದು. ಸುಳ್ಳು ಅನ್ನುವವರು ನನ್ನ ಮುಖ ನೋಡಿಕೊಂಡು ಅನ್ನಿ. ಬೀದಿ ದೀಪದ ಕೆಳಗೆ ಕೈ ಬಿಚ್ಚಿ ನೋಡಿದೆ. ಒಂದು ರಬ್ಬರಿನ ಕೈಗವಸು. ಎಡಗೈಯದು. ಒಳಗೆ ಇನ್ನೂ ಬೆಚ್ಚಗಿತ್ತು.