ಪೆಟ್ಟಿಗೆ ಸೀರೆ ಉಟ್ಟ ಫೋಟೋ

ಇದು ಎಲ್ಲೋ ಯಾರೋ ಹೇಳಿದ್ದಲ್ಲ. ಶೆಟ್ಟಿಹಳ್ಳೀಲಿ ನಮ್ಮ ಗೋಡೆಗೆ ಗೋಡೆ ತಾಗಿರೋ ಮನೆ ಮಂಜುಳಮ್ಮನ ಮಗ ಕಾಂತೇಶನಿಗೆ ಆಗಿದ್ದು. ಹೋದ ವರ್ಷ, ಕಾರ್ತೀಕ ಕಳೆದ ಮೇಲೆ. ಆ ಬಾಗಿಲು ಒಂಚೂರು ಮುಂದಕ್ಕೆ ಎಳೆದು ಕೂತ್ಕೊಳ್ಳಿ, ಹೇಳ್ತೀನಿ.

ರಾತ್ರಿ ಹತ್ತೂಕಾಲು. ನಿಟ್ಟೂರು ಸ್ಟೇಷನ್ನಲ್ಲಿ ರೈಲಿಳಿದೋನು ಇವನೊಬ್ಬನೇ. ಗುಬ್ಬೀಲೇ ಮುಕ್ಕಾಲು ಗಾಡಿ ಖಾಲಿಯಾಗಿತ್ತು. ಹೆಗಲಲ್ಲಿ ಕ್ಯಾಮೆರಾ ಬ್ಯಾಗು. ಗುಬ್ಬಿ ದಾಟಿದ ಮೇಲೆ ಅವನಿಗೆ ನೆನಪಾಗಿತ್ತು, ಬ್ಯಾಟರಿ ಮನೇಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಇದೆ ಅಂತ. ಕಂಕುಳಲ್ಲಿ ಪೇಪರ್ ಸುತ್ತಿದ ಗಾಜಿನ ಫ್ರೇಮು. ಬೈಕಲ್ಲಿ ತಂದ್ರೆ ಒಡೀತದೆ ಅಂತ ರೈಲಿಗೆ ಬಂದಿದ್ದ. ಬೆಳಗಾದ್ರೆ ನಿಟ್ಟೂರಿನ ಹನುಮಮ್ಮನ ಹನ್ನೊಂದನೇ ದಿನದ ತಿಥಿ. ಎಡೆ ಇಡೋಕೆ ಸತ್ತೋರ ಫೋಟೋ ಬೇಕಲ್ಲ, ಅದನ್ನೇ ತರ್ತಿದ್ದ. ಆ ಫೋಟೋ ಸುಳ್ಳು ಅಂತ ಊರಲ್ಲಿ ಅವನೊಬ್ಬನಿಗೇ ಗೊತ್ತು.

ಸ್ಟೇಷನ್ನಿಂದ ತೆಂಗಿನ ತೋಟದ ಬೇಲಿ ಪಕ್ಕ ಒಂದು ಮಣ್ಣುದಾರಿ. ಅರ್ಧ ದಾರೀಲಿ ಹಳೇ ಬಾವಿ. ಬಾವಿ ಪಕ್ಕ ಬಟ್ಟೆ ಒಗೆಯೋ ಕಲ್ಲು. ಬೋರ್‌ವೆಲ್ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದಲ್ಲ. ಹಗ್ಗ ಇಲ್ಲ, ತುಕ್ಕು ಹಿಡಿದ ರಾಟೆ ಒಂದು ನೇತಾಡ್ತದೆ.

ಗಾಳಿ ಇರಲಿಲ್ಲ. ತೆಂಗಿನ ಗರಿ ಒಂದೂ ಮಿಸುಕ್ತಿರಲಿಲ್ಲ...

ಟಕ್.

ಕಾಂತೇಶ ನಿಂತ. ಹಲ್ಲಿ ಲೊಚಗುಟ್ಟಿದ್ದಲ್ಲ. ಒಣಗಿದ ಮಟ್ಟೆ ಬಿದ್ದಿದ್ದಲ್ಲ. ನಾಲಗೇನ ಅಂಗುಳಕ್ಕೆ ಒತ್ತಿ ಬಿಟ್ರೆ ಬರೋ ಶಬ್ದ. ಅವನಿಗೆ ಆ ಶಬ್ದ ಚೆನ್ನಾಗಿ ಗೊತ್ತು. ಯಾಕಂದ್ರೆ ಅದು ಅವನದೇ.

ಹೆಂಗೆ ಅಂತ ಮೊದಲು ಹೇಳ್ಬುಡ್ತೀನಿ.

ಈ ಕಾಂತೇಶ ಅಂತರಸನಹಳ್ಳೀಲಿ ಒಂದು ವರ್ಕ್‌ಶಾಪಲ್ಲಿ ಲೇತ್ ಮಿಷನ್ ಓಡಿಸ್ತಾನೆ. ವಾರಕ್ಕಾರು ದಿನ ಅದು. ಭಾನುವಾರ ಬಂತಂದ್ರೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೇತಾಕ್ಕಂಡು ಬೈಕಲ್ಲಿ ಸುತ್ತೋದು. ನಮ್ಮನ್ನೇನು ಒಂದಿನ ತೆಗೀಲಿಲ್ಲ ಬುಡಿ. ಕಟ್ಕಂಡ ಹೆಂಡ್ತಿ ಪ್ರಮೀಳಾ ಹೊಸ ಸೀರೆ ಉಟ್ಟು ಮುಂದೆ ನಿಂತ್ರೂ ‘ಬೆಳಕು ಸರಿಯಿಲ್ಲ’ ಅನ್ನೋನು. ಅವನಿಗೆ ಬೇಕಾಗಿದ್ದು ಸುಕ್ಕು ಮುಖ, ಒಡೆದ ಹಿಮ್ಮಡಿ, ಬಸ್‌ಸ್ಟ್ಯಾಂಡಲ್ಲಿ ಬಾಯಿ ಬಿಟ್ಕಂಡು ಮಲಗಿರೋರು. ಅದಕ್ಕೆ ಲೈಕ್ ಜಾಸ್ತಿಯಂತೆ.

ಪ್ರಮೀಳಾ ತೌರು ನಿಟ್ಟೂರು. ಶ್ರಾವಣದಲ್ಲಿ ಒಂದು ಭಾನುವಾರ ಅತ್ತೆಮನೇಲಿ ಹೋಳಿಗೆ ತಿಂದು, ಕ್ಯಾಮೆರಾ ಹಿಡ್ಕಂಡು ಬಾವಿ ಕಡೆ ಹೋದ. ಅಲ್ಲಿ ಅತ್ತೆಮನೆ ಪಕ್ಕದ ಹನುಮಮ್ಮ ತೆಂಗಿನ ಮಟ್ಟೆ ಒಣಗಾಕ್ತಿದ್ಲು. ಮಟ್ಟೆ ಕೆಲಸಕ್ಕೆ ಯಾರು ರೇಷ್ಮೆ ಉಡ್ತಾರೆ? ಕಂಕುಳಲ್ಲಿ ಹರಿದ ರವಿಕೆ, ಮಾಸಿದ ಸೀರೆ. ಬಾಯ್ತುಂಬ ಎಲೆಅಡಿಕೆ. ಆಯಮ್ಮನ ತೋರುಬೆರಳ ತುದೀಲಿ ಯಾವಾಗ್ಲೂ ಸುಣ್ಣ. ಮಿಕ್ಕಿದ್ದನ್ನ ಆ ಕಲ್ಲಿಗೇ ಒರೆಸೋಳು, ಕಲ್ಲಿನ ಒಂದು ಪಕ್ಕ ಬೆಳ್ಳಗಾಗೋಗಿತ್ತು.

ಕಾಂತೇಶ ಚಕ್ ಚಕ್ ಅಂತ ಹದಿನೈದು ತೆಗೆದ. ಆಮೇಲೆ ಅವಳು ನೋಡಿದ್ಲು.

“ಏನಪ್ಪ ಅಳಿಮಯ್ಯ, ಅದೇನು?”

“ಫೋಟೋ ಅಜ್ಜಿ. ಹಂಗೇ ಇರಿ.”

“ಈ ಅವತಾರದಲ್ಲಾ? ತಡಿ. ಪೆಟ್ಟಿಗೇಲಿ ಒಂದು ಸೀರೆ ಅದೆ, ಉಟ್ಕಂಡು ಬತ್ತೀನಿ. ಆಧಾರ್ ಕಾರ್ಡಲ್ಲಿ ಕೋಳಿ ಕದ್ದೋಳ ಥರ ಇದೀನಿ. ನಾಳೆ ಕಣ್ಣು ಮುಚ್ಚಿದ್ರೆ ಎಡೆ ಮುಂದೆ ಇಡೋಕೆ ಒಂದು ನೆಟ್ಟಗಿರೋ ಫೋಟೋ ಇಲ್ಲ ಕಣಪ್ಪ.”

ಹೋದ್ಲು. ಇವನು ಕ್ಯಾಮೆರಾ ಆಫ್ ಮಾಡಿದ. ಬ್ಯಾಟರಿ ಒಂದು ಗೀಟು ಉಳಿದಿತ್ತು. ಸಂಜೆಗೆ ಕುಣಿಗಲ್ ಕೆರೇಲಿ ಬೆಳ್ಳಕ್ಕಿ ತೆಗೀಬೇಕು ಅಂತ ಅದನ್ನ ಉಳಿಸ್ಕೊಂಡ. ಬೆಳ್ಳಕ್ಕಿಗೆ.

ಅರ್ಧ ಗಂಟೆ ಆದ್ಮೇಲೆ ಬಂದ್ಲು ಹನುಮಮ್ಮ. ಗಿಣಿಹಸಿರು ಸೀರೆ, ಕೆಂಪು ಅಂಚು. ನುಸಿಗುಳಿಗೆ ವಾಸನೆ ಹತ್ತು ಮಾರಿಗೇ ಹೊಡೀತಿತ್ತು. ತಲೆಗೆ ಎಣ್ಣೆ, ಮುಖಕ್ಕೆ ಪೌಡರು. ಆ ಕಲ್ಲಿನ ಮೇಲೆ ಕೂತು, ಎರಡೂ ಕೈ ಮಂಡಿ ಮೇಲಿಟ್ಟು, ಉಸಿರು ಬಿಗಿ ಹಿಡಿದ್ಲು.

ಕಾಂತೇಶ ಆಫ್ ಆಗಿರೋ ಕ್ಯಾಮೆರಾನ ಕಣ್ಣಿಗಿಟ್ಟ. ತುಟಿ ಮುಂದೆ ಮಾಡಿದ. ನಾಲಗೇಲಿ ಟಕ್ ಅನ್ನಿಸಿದ. ಇನ್ನೊಂದು ಸಲ. ಇನ್ನೊಂದು ಸಲ.

“ಆಯ್ತಾ?”

“ಆಯ್ತಜ್ಜಿ. ರಾಣಿ ಥರ ಬಂದಿದೀರ.”

“ಫೋಟೋನ ಕಾರ್ಡ್ ಹಾಕ್ಸಿ ತಂದ್ಕೊಡಪ್ಪ. ಮರೀಬ್ಯಾಡ.”

“ಮುಂದಿನ ವಾರ.”

ಮುಂದಿನ ವಾರ ಬರಲಿಲ್ಲ. ಆಮೇಲೆ ತುಮಕೂರಲ್ಲಿ ಒಂದು ಫೋಟೋ ಸ್ಪರ್ಧೆ ಆಯ್ತು. ಇವನು ಹರಿದ ರವಿಕೆ ಫೋಟೋನ ದೊಡ್ಡದು ಮಾಡಿಸಿ ಕಳಿಸಿದ. ಹೆಸರು ಬೇರೆ ಕೊಟ್ಟವ್ನೆ, ‘ಯಾರೂ ಇಲ್ಲದವಳು’ ಅಂತ. ಮನೇಲಿ ಮಗ ಕದರಯ್ಯ, ಸೊಸೆ ಶಾಂತಲಾ, ಇಬ್ಬರು ಮೊಮ್ಮಕ್ಕಳು, ಕರೆಯೋ ಹಸು ಎರಡು. ಯಾರೂ ಇಲ್ಲದವಳಂತೆ. ಆ ಸುಳ್ಳಿಗೆ ಮೊದಲ ಬಹುಮಾನ ಬಂತು.

ಅಲ್ಲಿಗೆ ನಿಂತಿದ್ರೂ ಆಗ್ತಿತ್ತು. ಸ್ಪರ್ಧೆ ನಡೆಸಿದೋರು ಆ ಹೆಸರು ಓದಿ, ಪಾಪ ಮುದುಕಿ ಹೋಗ್ಬುಟ್ಟವ್ಳೆ ಅಂದ್ಕೊಂಡ್ರೋ, ಗೌರವ ಅಂದ್ಕೊಂಡ್ರೋ, ಫೋಟೋಗೆ ಗಂಧದ ಹಾರ ಹಾಕಿದ್ರು. ಬದುಕಿರೋಳ ಫೋಟೋಗೆ. ‘ಸ್ವಾಮಿ, ಅವಳಿನ್ನೂ ಇದ್ದಾಳೆ’ ಅನ್ನೋಕೆ ಇವನಿಗೆಷ್ಟು ಹೊತ್ತು ಬೇಕಿತ್ತು? ಹಂಗಂದ್ಬುಟ್ರೆ ಬಹುಮಾನದ ಹೊತ್ತಲ್ಲಿ ಎಲ್ಲರ ಮುಂದೆ ಸುಳ್ಳಿನ ಕತೆ ಬಿಚ್ಕೊಳ್ತದಲ್ಲ. ಹಾರದ ಪಕ್ಕ ಹಲ್ಲು ಬಿಟ್ಕಂಡು ನಿಂತ.

ಆ ಹಾರದ ಫೋಟೋ ಮೊಬೈಲಿಂದ ಮೊಬೈಲಿಗೆ ಹಾರಿ ನಿಟ್ಟೂರು ಹಾಲಿನ ಡೈರಿಗೆ ಬಂತು. ಶಾಂತಲಾ ಹಾಲು ಅಳೆಸ್ತಾ ನಿಂತಿದ್ಲು, ಪಕ್ಕದಲ್ಲಿ ಅತ್ತೆ. ಅಳತೆ ಮಾಡೋ ಯಲ್ಲಯ್ಯ ಮೊಬೈಲ್ ಮುಂದೆ ಹಿಡಿದ.

“ಏನಮ್ಮ ಶಾಂತಲಾ, ನಿಮ್ಮತ್ತೆಗೆ ಯಾರೂ ಇಲ್ವಂತೆ. ಹಂಗಾದ್ರೆ ನೀನ್ಯಾರು, ಬಾಡಿಗೆಗೆ ಇರೋಳಾ?”

ಡೈರಿ ಪೂರ್ತಿ ನಕ್ತು. ರವಿಕೆ ಹೊಲಿಸಿಕೊಡದ ಸೊಸೆ ಅಂತ ಆವತ್ತು ಬಿದ್ದ ಹೆಸರು, ತೊಳೆದ್ರೂ ಹೋಗಲಿಲ್ಲ. ನಿಜ ಹೇಳ್ಬೇಕಂದ್ರೆ ಅತ್ತೇನ ಅಷ್ಟು ಚೆನ್ನಾಗಿ ನೋಡ್ಕೊಳ್ಳೋಳು ಆ ಬೀದೀಲೇ ಇನ್ನೊಬ್ಬಳಿರಲಿಲ್ಲ. ಹನುಮಮ್ಮ ಮೊಬೈಲ್ ಇಸ್ಕಂಡು ತುಂಬಾ ಹೊತ್ತು ನೋಡಿದ್ಲು.

“ಹಾರ ಹಾಕ್ಬುಟ್ಟವ್ರಲ್ಲ,” ಅಂದ್ಲು. ಆಮೇಲೆ, “ಇದಲ್ಲ ಕಣೇ ನನ್ನ ಫೋಟೋ. ಇನ್ನೊಂದದೆ. ಅಳಿಮಯ್ಯನ ಹತ್ರ ಅದೆ.”

ಅದಾಗಿ ಹದಿನೆಂಟು ದಿನಕ್ಕೆ, ಜಗಲೀಲಿ ಮಲಗಿದೋಳು ಬೆಳಿಗ್ಗೆ ಏಳಲಿಲ್ಲ. ಜ್ವರ ಇಲ್ಲ, ಕೆಮ್ಮಿಲ್ಲ.

ಮಗ ಕದರಯ್ಯ ಫೋನ್ ಮಾಡಿದ. “ಕಾಂತೇಶ, ಅವ್ವ ಹೇಳ್ತಿತ್ತು, ಪೆಟ್ಟಿಗೆ ಸೀರೆ ಉಟ್ಕಂಡು ನೀನು ತೆಗ್ದಿರೋದು ಅದೆ ಅಂತ. ಅದನ್ನೇ ಇಡಿ ಅಂದಿತ್ತು. ಹಾಗೇ ಕ್ಯಾಮೆರಾನೂ ತಾ, ತಿಥೀದು ನಾಲ್ಕು ತೆಗೆದುಕೊಡು.”

“ಇದೆ ಮಾವ. ತರ್ತೀನಿ,” ಅಂದ್ಬುಟ್ಟ.

ಇದ್ರೆ ತಾನೇ. ತುಮಕೂರಲ್ಲಿ ಒಂದು ಸ್ಟುಡಿಯೋಗೆ ಹೋದ. ಅಲ್ಲಿ ಕಂಪ್ಯೂಟರಲ್ಲಿ ತಲೆ ಇಲ್ಲದ ಮೈಗಳಿರ್ತವೆ, ರೇಷ್ಮೆ ಸೀರೆ ಉಡ್ಸಿ ರೆಡಿ. ತಲೆ ತಂದು ಕೂರಿಸೋದೇ ಕೆಲಸ. ಬಹುಮಾನದ ಫೋಟೋದಿಂದ ಹನುಮಮ್ಮನ ತಲೆ ಕತ್ತರಿಸಿ ಕೂರಿಸಿದ್ರು. ಗಿಣಿಹಸಿರು ಇರಲಿಲ್ಲ. ನೀಲಿ ಇತ್ತು. “ಅಳೋ ಮನೇಲಿ ಸೀರೆ ಬಣ್ಣ ಯಾರು ನೋಡ್ತಾರೆ ಬುಡಿ,” ಅಂದನಂತೆ ಸ್ಟುಡಿಯೋದೋನು.

ಆ ನೀಲಿ ಸೀರೇನೇ ಈಗ ಇವನ ಕಂಕುಳಲ್ಲಿ ಇದ್ದದ್ದು.

ಟಕ್.

ಬಾವಿ ಕಡೆಯಿಂದಲೇ. ಆಮೇಲೆ ರಾಟೆ... ಕಿರ್‍ರ್... ಕಿರ್‍ರ್... ಹಗ್ಗ ಇಲ್ಲದ ರಾಟೆ, ಗಾಳಿ ಇಲ್ಲದ ರಾತ್ರಿ. ಅದು ನಿಂತಿತು. ಮೂರನೇ ಸಲ, ಟಕ್.

ನುಸಿಗುಳಿಗೆ ವಾಸನೆ ಬಂತು.

ಕಾಂತೇಶ ಮೊಬೈಲ್ ಟಾರ್ಚ್ ಹಾಕಿದ. ಮೇಲೆತ್ತೋಕೆ ಕೈ ಬರಲಿಲ್ಲ. ಬೆಳಕು ನೆಲದ ಮೇಲೇ ಹೋಗಿ ಕಲ್ಲಿನ ಬುಡ ಮುಟ್ತು. ಕೆಂಪು ಅಂಚು. ಗಿಣಿಹಸಿರು ನೆರಿಗೆ. ಮಂಡಿ ಮೇಲೆ ಎರಡು ಕೈ. ಅದಕ್ಕಿಂತ ಮೇಲೆ ಅವನು ನೋಡಲಿಲ್ಲ.

“ಕಾರ್ಡ್ ತಂದ್ಯಾ, ಅಳಿಮಯ್ಯ...”

ಪಿಸುಮಾತು. ಎಲೆಅಡಿಕೆ ಬಾಯಲ್ಲಿಟ್ಕಂಡು ಮಾತಾಡ್ದಂಗೆ.

“ತಂದೆ... ಅಜ್ಜಿ.”

“ಯಾವ ಸೀರೆ?”

ಇವನು ಫ್ರೇಮನ್ನ ಕಂಕುಳಿಗೆ ಇನ್ನೂ ಒತ್ತಿ ಹಿಡಿದ.

“ಯಾವ ಸೀರೆ ಅಂದೆ.”

“ನೀಲಿ.”

ದೂರದಲ್ಲಿ ಹೋಗ್ತಿದ್ದ ರೈಲಿನ ಸದ್ದು ಆರಿಹೋಯ್ತು.

“ನನ್ನತ್ರ ನೀಲಿ ಸೀರೆ ಇಲ್ವಲ್ಲಪ್ಪ.”

ಆಗ ಕಾಂತೇಶ ಮಣ್ಣಲ್ಲೇ ಕೂತ್ಕೊಂಡ. “ಅಜ್ಜಿ, ಅವತ್ತು ನಾನು ತೆಗೀಲಿಲ್ಲ. ಕ್ಯಾಮೆರಾ ಆಫ್ ಆಗಿತ್ತು. ಬಾಯಲ್ಲಿ ಶಬ್ದ ಮಾಡ್ದೆ.”

“ಗೊತ್ತು ಕಣಪ್ಪ.”

“ಗೊತ್ತಿತ್ತಾ?”

“ಅವತ್ತೇ ಗೊತ್ತಾಯ್ತು. ನನ್ನ ಕಿವೀಗೇನಾಗಿತ್ತು? ನೀನು ನಾಚ್ಕಂಡೀಯ ಅಂತ ಸುಮ್ನಾದೆ. ಮನೆಗೋಗಿ ತೆಗೆಯೋ ಮನಸ್ಸು ಬತ್ತದೆ, ತಿರುಗಿ ಬತ್ತೀಯ ಅಂದ್ಕಂಡೆ. ಎರಡು ವಾರ ದಿನಾ ಆ ಸೀರೆ ಉಟ್ಕಂಡು ಇಲ್ಲಿ ಕೂತಿದ್ದೆ.”

ಇದನ್ನ ಹೇಳುವಾಗ ಕಾಂತೇಶ ನಮ್ಮ ಅಡುಗೆಮನೇಲಿ ಕೂತು ಅತ್ತ. ಅಷ್ಟು ದೊಡ್ಡ ಗಂಡಸು.

“ಕೊಡಿಲ್ಲಿ, ಆ ಫೋಟೋ ತೆಗೆಯೋದನ್ನ.”

ಮಂಡಿ ಮೇಲಿದ್ದ ಒಂದು ಕೈ ಮುಂದೆ ಬಂತು. ಅವನು ಬ್ಯಾಗಿಂದ ಕ್ಯಾಮೆರಾ ತೆಗೆದು ಚಾಚಿದ. ಕಣ್ಣು ಮುಚ್ಕಂಡಿದ್ದ. ಕೈಯಿಂದ ಭಾರ ಹೋಯ್ತು.

ಚಕ್.

ಈ ಸಲ ನಾಲಗೆದಲ್ಲ. ಕಬ್ಬಿಣದ್ದು. ಕ್ಯಾಮೆರಾದ್ದೇ.

ಎದ್ದು ಓಡಿದ.

ಕದರಯ್ಯನ ಮನೇಲಿ ಇನ್ನೂ ದೀಪ ಉರೀತಿತ್ತು. ಶಾಂತಲಾ ಪಡಸಾಲೇಲಿ ಕಾಯಿ ತುರೀತಿದ್ಲು. ಕಾಂತೇಶ ಫ್ರೇಮು ಕೆಳಗಿಟ್ಟು, ಪೇಪರ್ ಬಿಚ್ಚಿ, ನಿಂತಲ್ಲೇ ಎಲ್ಲ ಹೇಳಿದ. ಬೆಳ್ಳಕ್ಕಿ ವಿಷಯಾನೂ ಬಿಡಲಿಲ್ಲ. ಕದರಯ್ಯ ಗೋಡೆ ಕಡೆ ತಿರುಗಿ ಕೂತ್ಕೊಂಡ. ಶಾಂತಲಾ ಮಾತ್ರ ಕೈಯಲ್ಲಿದ್ದ ಕಾಯಿ ಹೋಳು ಮುಗಿಯೋ ತನಕ ತುರಿದು, ಆಮೇಲೆ ತಲೆ ಎತ್ತಿದ್ಲು.

“ನಮ್ಮತ್ತೆ ಹೋದ್ರು, ಅವರದಾಯ್ತು. ನಾನು ದಿನಾ ಡೈರಿಗೆ ಹೋಗ್ಬೇಕಲ್ಲ. ನಾಳೆ ಪಂಕ್ತೀಲಿ ಊರು ಕೂತಾಗ, ಇದನ್ನೇ ಇಷ್ಟೇ ಜೋರಾಗಿ ಹೇಳು.”

ಹೇಳಿದ. ಊಟದ ಎಲೆ ಮುಂದೆ ಕೂತಿದ್ದ ಯಲ್ಲಯ್ಯ ತಲೆ ತಗ್ಗಿಸ್ಕೊಂಡು ಪಾಯಸ ಕಲೆಸ್ತಾನೇ ಇದ್ನಂತೆ, ಬಾಯಿಗಿಡಲಿಲ್ಲವಂತೆ. ಕಾಂತೇಶನ ಅತ್ತೆಮನೆಯೋರು ಆವತ್ತು ಯಾರ ಮುಖಾನೂ ನೋಡಲಿಲ್ಲ. ಎಡೆ ಮುಂದೆ ಫೋಟೋ ಇಡಲಿಲ್ಲ. ಮಣೆ ಮೇಲೆ ಕಳಶ, ಅದರ ಪಕ್ಕ ಆ ಗಿಣಿಹಸಿರು ಸೀರೇನೇ ಮಡಿಸಿ ಇಟ್ರು. ನೀಲಿ ಸೀರೆ ಫ್ರೇಮು ಗೋಡೆಗೆ ಮುಖ ಮಾಡಿ ಹಿತ್ತಲಲ್ಲಿ ಬಿತ್ತು.

ಕ್ಯಾಮೆರಾ ಬೆಳಿಗ್ಗೆ ಕದರಯ್ಯನಿಗೆ ಸಿಕ್ಕಿತು. ಆ ಕಲ್ಲಿನ ಮೇಲೆ, ಇಬ್ಬನೀಲಿ ನೆಂದು. ಬ್ಯಾಟರಿ ಇರೋ ಗೂಡು ಖಾಲಿ.

ಶೆಟ್ಟಿಹಳ್ಳಿಗೆ ಬಂದ ಮೇಲೆ ಪ್ರಮೀಳಾನೇ ಬ್ಯಾಟರಿ ಹಾಕಿದ್ದು. ತಿಥಿಗೆ ಅಂತ ಕಾಂತೇಶ ಕ್ಯಾಮೆರಾದ ಮೆಮೊರಿ ಕಾರ್ಡ್ ಪೂರ್ತಿ ಖಾಲಿ ಮಾಡ್ಕೊಂಡು ಹೋಗಿದ್ದ. ಈಗ ಅದರಲ್ಲಿ ಒಂದು ಫೋಟೋ ಇತ್ತು. ಅದನ್ನ ಹಿಡ್ಕಂಡು ಅವಳು ಸೀದಾ ನಮ್ಮನೆಗೆ ಓಡಿಬಂದ್ಲು. ಕನ್ನಡಕ ಒರೆಸ್ಕಂಡು ಎರಡು ಸಲ ನೋಡಿದೀನಿ, ಸುಳ್ಳಲ್ಲ.

ತಾರೀಖು ತಿಥಿ ಹಿಂದಿನ ರಾತ್ರೀದು. ಆದ್ರೆ ಫೋಟೋದಲ್ಲಿ ಬಿಸಿಲು. ಕಲ್ಲಿನ ಮೇಲೆ ಕೂತೋರಿಗೆ ಎದುರು ಹೆಂಗೆ ಕಾಣ್ತದೋ ಹಂಗೆ, ನಿಂತಿದ್ದಾನೆ ಕಾಂತೇಶ. ಶ್ರಾವಣದ ಭಾನುವಾರ ಹಾಕ್ಕೊಂಡಿದ್ದ ಅದೇ ಗೀಟಿನ ಶರ್ಟು. ಕಣ್ಣಿಗೆ ಕ್ಯಾಮೆರಾ. ತುಟಿ ಮುಂದಕ್ಕೆ ಬಂದು ದುಂಡಗಾಗಿದೆ, ಟಕ್ ಅನ್ನೋಕೆ.

ಫೋಟೋ ಒಂಚೂರು ಸೊಟ್ಟ ಇದೆ, ಅಭ್ಯಾಸ ಇಲ್ಲದೋರು ತೆಗೆದಂಗೆ. ಒಂದು ಮೂಲೇಲಿ ಬೆರಳು ಅಡ್ಡ ಬಂದು ಮಸುಕಾಗಿದೆ. ಆ ಬೆರಳ ತುದೀಲಿ ಸುಣ್ಣ.